ನೊಂದ ಸಾರ್ವಜನಿಕರು

ಗಂಧದ ಕಳ್ಳಸಾಗಣೆ ಕೇಸುಗಳಲ್ಲಿ ಆ ಜಡ್ಜ್ ಸಾಹೇಬರ ಮುಂದೆ ನಿಂತ ಏಳು ಮಂದಿಯೂ ಜೈಲಿಗೆ ಹೋಗಿದ್ದರು. ಶಿರಸಿ ಕೋರ್ಟಿನ ಜವಾನ ಕೆರಿಯಪ್ಪ ಬಾಗಿಲಲ್ಲಿ ನಿಂತು ಏಳು ಹೆಸರನ್ನೂ ಕೂಗಿದ್ದ. ಎಂಟನೆಯದು ಅವನ ತಮ್ಮ ಬೈರನದು. ಮತ್ತಿಘಟ್ಟದ ಹತ್ತಿರ ಕೆಸರಲ್ಲಿ ಹೂತುಹೋದ ಲಾರಿಗೆ ಹೆಗಲು ಕೊಟ್ಟಿದ್ದ ಬೈರ. ಒಳಗೇನಿದೆ ಎಂದು ನೋಡಿರಲಿಲ್ಲ.

"ಭಾವ, ದಿನಾ ಅವ್ರಿಗೆ ನೀರು ಕೊಡ್ತ್ರಿ. ಒಂದ್ ಮಾತು ಹೇಳೂಕಾಗ್ದಾ?" ಎಂದಳು ಬೈರನ ಹೆಂಡತಿ ನೀಲಗಂಗವ್ವ. ತುಂಬು ಬಸುರಿ.

"ನೀರ್ ಕೊಡವ್ನ ಮಾತಿಗೆ ನೀರಿನಷ್ಟೂ ಬೆಲೆ ಇಲ್ಲ ತಂಗಿ."

ಕಾಗದಕ್ಕೆ ಬೆಲೆಯಿದೆ. ಇಪ್ಪತ್ತೆರಡು ವರ್ಷ ಬಾಗಿಲು ಕಾದು ಅವನು ಕಲಿತದ್ದು ಅದು. ಜಡ್ಜರ ನೇಮಕ ರಾಜ್ಯಪಾಲರ ಹೆಸರಿನಲ್ಲಿ; ಆಮೇಲೆ ಅವರನ್ನು ಮೇಲೆತ್ತುವುದು, ಊರು ಬದಲಿಸುವುದು ಬೆಂಗಳೂರಿನ ಹೈಕೋರ್ಟು. ಮಂತ್ರಿಯ ಫೋನು ಅಲ್ಲಿ ನಡೆಯುವುದಿಲ್ಲ. ಲಂಚದ ದೂರು ನಡೆಯುತ್ತದೆ. ಸಾಹೇಬರು ಹೋಗಲಿ, ಬೇರೆ ಯಾರೇ ಬರಲಿ, ಬೈರನ ಮಾತನ್ನು ಹೊಸದಾಗಿ ಕೇಳಿಯಾರು. ತೀರ್ಪಿಗೆ ಇನ್ನೂ ಒಂದು ತಿಂಗಳಿತ್ತು.

ಗುರುವಾರ ರಜೆ ಹಾಕಿ, ಗುರುತಿನವರಿಲ್ಲದ ಯಲ್ಲಾಪುರಕ್ಕೆ ಹೋಗಿ, ಸಾಹೇಬರು ಲಂಚ ತಿನ್ನುತ್ತಾರೆಂದು ಹೈಕೋರ್ಟಿಗೆ ಒಂದು ಅರ್ಜಿ ಟೈಪು ಮಾಡಿಸಿದ.

"ಕೆಳಗೆ ಯಾರ ಹೆಸರು ಹಾಕೂದು ಮಾರಾಯ?"

"ನೊಂದ ಸಾರ್ವಜನಿಕರು ಅಂತ ಹಾಕು."

"ಅವ್ರು ಬಾಳ ಮಂದಿ ಅದಾರ ಬಿಡು," ಎಂದು ಟೈಪಿಸ್ಟ್ ನಕ್ಕ.

ಲಕೋಟೆಯನ್ನು ಪಂಚೆಯ ತುದಿಯಲ್ಲಿ ಹಿಡಿದು, ಮರುದಿನ ಸಿದ್ದಾಪುರದ ಅಂಚೆ ಡಬ್ಬಿಗೆ ಹಾಕಿದ. ಎಲ್ಲೂ ಸುಳಿವು ಉಳಿಸಲಿಲ್ಲ. ಆದರೆ ಸಾಹೇಬರು ಯಾರ ಕೈಯ ಚಹಾವನ್ನೂ ಮುಟ್ಟಿದವರಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಕಾರವಾರದಿಂದ ತನಿಖೆಯವರು ಬಂದರು. ಕೆರಿಯಪ್ಪ ಅವರಿಗೂ ನೀರು ಕೊಟ್ಟ. ದಿನ ಎಣಿಸಿದ. ಸಾಹೇಬರು ಮಾತ್ರ ಹೋಗಲಿಲ್ಲ. ತೀರ್ಪಿನ ದಿನವೂ ಅವರೇ ಕುರ್ಚಿಯಲ್ಲಿದ್ದರು. ಕೆರಿಯಪ್ಪ ತಮ್ಮನ ಹೆಸರು ಕೂಗಿದ. ಐದು ವರ್ಷ. ನೀಲಗಂಗವ್ವ ಜಗಲಿಯ ಕಂಬ ಹಿಡಿದು ಕುಸಿದಳು.

ಸಂಜೆ ಶಿರಸ್ತೇದಾರರು ಬೀಗ ಹಾಕುತ್ತ ಅಂದರು: "ನಿನ್ನ ತಮ್ಮನ ಹಣೆಬರಹ ಮಾರಾಯ. ಸಾಹೇಬ್ರಿಗೆ ಬಡ್ತಿ ಆಗಿ ಮೈಸೂರಿಗೆ ವರ್ಗ ಆಗಿತ್ತಂತೆ, ನಂಗೂ ಇವತ್ತೇ ಹೇಳಿದ್ರು. ಹೋದ ಸೋಮವಾರವೇ ಹೊರಡೋರಿದ್ರು. ಯಾವನೋ ಪುಣ್ಯಾತ್ಮ ಮೂಗರ್ಜಿ ಹಾಕ್ದ ನೋಡು, ತನಿಖೆ ಮುಗಿಯೂ ತನಕ ಕದಲೂ ಹಾಂಗಿಲ್ಲ."

ಆ ವರ್ಗದ ಆದೇಶ, ಅವನು ಯಲ್ಲಾಪುರಕ್ಕೆ ಹೋದ ಹಿಂದಿನ ದಿನ, ಬುಧವಾರದ ಟಪಾಲಿನಲ್ಲಿ ಬಂದಿತ್ತು. ಅಂಚೆ ಕಚೇರಿಯಲ್ಲಿ ಸಹಿ ಹಾಕಿ ಬಿಡಿಸಿಕೊಂಡು ಸಾಹೇಬರ ಮೇಜಿನ ಮೇಲಿಟ್ಟವನು ಕೆರಿಯಪ್ಪನೇ. ಲಕೋಟೆಯ ಮೇಲೆ ಅವನಿಗೆ ಓದಲು ಬಾರದ ಇಂಗ್ಲಿಷಿತ್ತು. ಅರಗಿನ ಮುದ್ರೆ ಒಡೆದಿಲ್ಲವಲ್ಲ ಎಂದಷ್ಟೇ ಅವನು ನೋಡಿದ್ದ.