ಗೇಟು ತೆರೆಯುವ ಮುನ್ನ

ನೂಲಿನ ಗಿರಣಿಯ ಕಾವಲುಗಾರನ ಕೋಣೆಯಲ್ಲಿ ಕುರ್ಚಿ ಮಗುಚಿ ಬಿದ್ದಿತ್ತು. ಗೋಡೆಯ ಮೇಲೆ ಅಂಗೈಯಗಲ ರಕ್ತ. ಕಾವಲುಗಾರ ಮಾತ್ರ ಇರಲಿಲ್ಲ.

ವಾರ್ತಾವಾಚಕಿ ಬಾಗಿಲಲ್ಲೇ ನಿಂತಳು. ಕಾಣೆಯಾದವನು ಅವಳ ಒಡಹುಟ್ಟಿದ ತಮ್ಮ. ಊರೆಲ್ಲ ಅವನ ಮೇಲೆ ಹಲ್ಲು ಮಸೆಯುವಂತೆ ಮಾಡಿದ್ದು ಅವಳದೇ ದನಿ.

ಚುನಾವಣೆಗೆ ವಾರವೂ ಉಳಿದಿರಲಿಲ್ಲ. ಹೊರದೇಶದ ಅಗ್ಗದ ನೂಲು ಬಂದು ಅರ್ಧ ಜನ ಕೆಲಸ ಕಳೆದುಕೊಂಡಿದ್ದರು. ಗಿರಣಿ ಮುಚ್ಚಲು ಬಿಡುವುದಿಲ್ಲ ಎಂಬ ಶಾಸಕನ ಮಾತನ್ನು ನಂಬಿ ಉಳಿದವರು ಜೀವ ಹಿಡಿದುಕೊಂಡಿದ್ದರು. ಅಂಥ ಊರಿನಲ್ಲಿ ನಿನ್ನೆ ಸಂಜೆ ಅವಳು ಸ್ಥಳೀಯ ಚಾನೆಲ್‌ನಲ್ಲಿ ಓದಿದಳು — "ಗಿರಣಿಯ ಯಂತ್ರಗಳ ಗುಟ್ಟಿನ ಸಾಗಣೆ." ಮರದ ಪೆಟ್ಟಿಗೆ ಹೇರಿದ ಲಾರಿಗಳು ಹೊರಬರುವ ವಿಡಿಯೊ ಚಿತ್ರವನ್ನು ಅವಳು ನೋಡಿದ್ದು ಓದಿ ಮುಗಿಸಿದ ಮೇಲೆ. ಗೇಟು ತೆಗೆಯುತ್ತಿದ್ದವನು ತಮ್ಮ. ಅಷ್ಟರಲ್ಲಿ ಊರು ಶಾಸಕನಿಗೆ ತಿರುಗಿಬಿದ್ದಾಗಿತ್ತು.

"ತಮ್ಮ ಫೋನ್ ಮಾಡಿದ್ನಾ?" ಇನ್ಸ್‌ಪೆಕ್ಟರ್ ಮೇಡಂ ಕುರ್ಚಿಯ ಬಳಿಯಿಂದ ಕೇಳಿದರು.

"ಮಾಡಿದ್ದ. 'ಅಕ್ಕಾ, ಅವು ರಿಪೇರಿಗೆ ಹೋಗೋ ಖಾಲಿ ಪೆಟ್ಟಿಗೆ, ತಿಂಗಳಿಗೊಮ್ಮೆ ಹೋಗ್ತವೆ. ನಾಳೆ ಎಲ್ಲರ ಮುಂದೆ ಹೇಳ್ತೀನಿ' ಅಂದ."

"ಗಿರಣಿ ಮ್ಯಾನೇಜರೂ ಅದನ್ನೇ ಹೇಳಿದ್ರು."

"ಅರ್ಧ ಜನರನ್ನ ಕೆಲಸದಿಂದ ತೆಗೆದೋರ ಮಾತು ಯಾರು ನಂಬ್ತಾರೆ ಮೇಡಂ? ತಮ್ಮ ಅವರ ಜೊತೆ ದುಡಿಯೋನು, ಅವನು ಹೇಳಿದ್ರೆ ನಂಬ್ತಿದ್ರು."

"ಅಂದ್ರೆ ಅವನು ಬಾಯಿ ಬಿಡೋದು ಯಾರಿಗೋ ಬೇಡವಾಗಿತ್ತು. ಯಾರಿಗೆ? ಶಾಸಕನ ಮೇಲೆ ಸಿಟ್ಟಾಗಿರೋ ಯೂನಿಯನ್ ಮುಖಂಡನಿಗಾ?"



ಇಬ್ಬರೂ ಚಾನೆಲ್ ಕಚೇರಿಗೆ ಬಂದಾಗ ಬೀದಿಯಲ್ಲಿ ಜನ ಸೇರಿದ್ದರು. ಓಡಿಹೋದ ತಮ್ಮನನ್ನು ಅಕ್ಕನೇ ಬಚ್ಚಿಟ್ಟಿದ್ದಾಳೆ ಎಂಬ ಗಾಳಿಸುದ್ದಿ ಆಗಲೇ ಹಬ್ಬಿತ್ತು. ಒಂದು ಕಲ್ಲು ಕಿಟಕಿಗೆ ಬಡಿಯಿತು. ಅವಳು ಬೆದರಿ ಗೋಡೆಗೆ ಒತ್ತಿಕೊಂಡಳು.

ಚಾನೆಲ್ ಯಜಮಾನರು ಅವಳನ್ನು ಕೂರಿಸಿದರು. ಕೆಲಸ ಕೊಟ್ಟ ದಿನದಿಂದ ಅವಳನ್ನು ಮಗಳೇ ಎಂದೇ ಕರೆಯುವವರು. "ಹೆದರಬೇಡ ಮಗಳೇ, ನಾನಿದ್ದೀನಿ."

"ಚಿತ್ರ ತೆಗೆದೋರು ಯಾರು?" ಎಂದರು ಇನ್ಸ್‌ಪೆಕ್ಟರ್.

"ದಾರಿಹೋಕ ಯಾರೋ. ಲಾರಿಗಳು ಹೊರಗೆ ಬರೋದು ಕಂಡಿದೆ, ಫೋನ್ ತೆಗೆದು ಹಿಡಿದಿದ್ದಾನೆ. ಹೆಸರು ಕೇಳಬೇಡಿ."

"ಕತ್ತರಿಸದೇ ಇರೋ ಚಿತ್ರ ತೋರಿಸಿ."

ಯಜಮಾನರು ಮುಖ ಸಿಂಡರಿಸಿ ಹಾಕಿದರು. ಪರದೆಯ ಮೇಲೆ ಮುಚ್ಚಿದ ಗೇಟು. ಖಾಲಿ ರಸ್ತೆ. ಬಹಳ ಹೊತ್ತಿನ ಮೇಲೆ ಗೇಟು ತೆರೆಯಿತು.

"ಮತ್ತೆ ಮೊದಲಿನಿಂದ ಹಾಕಿ."

"ಅದರಲ್ಲೇನಿದೆ?"

"ಏನೂ ಇಲ್ಲ, ಅದೇ ವಿಷಯ. ಲಾರಿ ಕಂಡ ಮೇಲೆ ಫೋನ್ ತೆಗೆದೋನು ಮುಚ್ಚಿದ ಗೇಟನ್ನ ಯಾಕೆ ಹಿಡಿತಾನೆ? ಚಿತ್ರ ಒಂಚೂರೂ ಅಲ್ಲಾಡಿಲ್ಲ — ಸ್ಟ್ಯಾಂಡ್ ಹಾಕಿ ಕಾದಿದ್ದಾರೆ. ಇನ್ನು ಪೆಟ್ಟಿಗೆ ನೋಡಿ. ಗೇಟಿನ ಉಬ್ಬು ದಾಟುವಾಗ ಹೇಗೆ ಕುಣಿತಿವೆ. ಒಳಗೆ ಯಂತ್ರ ಇದ್ದಿದ್ರೆ ಕುಣಿತಿದ್ವಾ? ಎದುರಾಳಿ ಅಭ್ಯರ್ಥಿ ನಿಮ್ಮ ಷಡ್ಡಕ ಅನ್ನೋದು ಊರಿಗೇ ಗೊತ್ತು ಯಜಮಾನರೇ." ಇನ್ಸ್‌ಪೆಕ್ಟರ್ ಅವಳತ್ತ ತಿರುಗಿದರು. "ತಮ್ಮ ಫೋನ್ ಮಾಡಿದ್ದನ್ನ ಯಾರಿಗೆ ಹೇಳಿದ್ರಿ?"

ಅವಳು ಯಜಮಾನರತ್ತ ನೋಡಿದಳು. "ಇವರಿಗೆ... ಇವರೊಬ್ಬರಿಗೇ. ಕಾಪಾಡ್ತಾರೆ ಅಂತ."

ಯಜಮಾನರು ತಲೆ ತಗ್ಗಿಸಿದರು. "ಜೀವಕ್ಕೇನೂ ಆಗಿಲ್ಲ. ಚುನಾವಣೆ ಮುಗಿಯೋ ತನಕ ಇರಲಿ ಅಂತ ಅಷ್ಟೇ..." ಅವರ ಕಣ್ಣು ಹಿಂದಿನ ಗೋದಾಮಿನ ಬಾಗಿಲಿನತ್ತ ಹರಿಯಿತು.

ಹಳೆಯ ಪರದೆಬಟ್ಟೆಗಳ ನಡುವೆ ತಮ್ಮ ಬಿದ್ದಿದ್ದ. ಕೈಕಾಲು ಕಟ್ಟಿದ್ದರು, ಹಣೆ ಒಡೆದಿತ್ತು. ಅಕ್ಕನನ್ನು ಕಂಡು ಮಗುವಿನಂತೆ ಅತ್ತ. ಅವಳೂ ಅತ್ತಳು.

"ಇವನು ಈ ಜನರ ಮಧ್ಯೆಯೇ ಹಾದು ಆಸ್ಪತ್ರೆಗೆ ಹೋಗಬೇಕು," ಎಂದರು ಇನ್ಸ್‌ಪೆಕ್ಟರ್. "ಅವರೆಲ್ಲ ನಿಮ್ಮ ಮಾತು ಕೇಳಿ ಬಂದೋರು. ನೀವೇ ಹೇಳಬೇಕು."

ಅವಳು ಕ್ಯಾಮೆರಾದ ಮುಂದೆ ಕೂತಳು. ಎದುರಿನ ಅಂಗಡಿಯ ಟಿವಿಯಲ್ಲಿ ಅವಳ ಮುಖ ಮೂಡಿತು. ಬೀದಿಯ ಗದ್ದಲ ನಿಂತಿತು.

"ನಿನ್ನೆ ನಾನು ಓದಿದ್ದು ಸುಳ್ಳು," ಎಂದಳು. ಪೆಟ್ಟಿಗೆಯ ವಿಷಯ, ತಮ್ಮನ ವಿಷಯ, ಯಜಮಾನರ ವಿಷಯ — ಒಂದನ್ನೂ ಬಿಡದೆ ಹೇಳಿದಳು. ಮೈಕು ಕೆಳಗಿಟ್ಟು ಕಿಟಕಿಗೆ ಕಿವಿಗೊಟ್ಟಳು.

ಕೆಳಗೆ ಯಾರೋ ನಗುತ್ತ ಕೇಳುತ್ತಿದ್ದರು: "ಇದನ್ನ ಓದೋಕೆ ಶಾಸಕ ಎಷ್ಟು ಕೊಟ್ಟನಂತೆ?"