ಕುಕ್ಕೆ ತುಂಬ ಸೊಪ್ಪು

ಗಂಗರತ್ನಮ್ಮನ ಹೆಣ ಕೆರೆಯಂಚಿನ ಬಂಡೆಯ ಕೆಳಗೆ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಕುಡುಗೋಲು, ಕುಕ್ಕೆ ತುಂಬ ಹಿಪ್ಪುನೇರಳೆ ಸೊಪ್ಪು.

ದೇವರಾಯಸಮುದ್ರದ ಕಡೆಯ ಆ ದಿಬ್ಬದಲ್ಲಿ ಇರುವುದೇ ಒಂಬತ್ತು ಮನೆ. ಕೆರೆ ತುಂಬಿದರೆ ಸುತ್ತಲೂ ನೀರು. ಹೋಗಿಬರಲು ಏಜಾಜನ ತೆಪ್ಪವೊಂದೇ ಗತಿ. ರೇಷ್ಮೆ ಸಾಕುವುದು, ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹೆಣೆಯುವುದು—ಅದೇ ಅಲ್ಲಿನವರ ಬದುಕು. ಅಂಥ ಜಾಗದಲ್ಲಿ ಕೊಲೆಯೇ?

ಸಬ್‌ಇನ್‌ಸ್ಪೆಕ್ಟರ್ ರಂಜಿತ ಮಧ್ಯಾಹ್ನ ತೆಪ್ಪದಿಂದ ಇಳಿದದ್ದೇ ತಡ, ಮೊದಲೇ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಮುನಿಶಾಮಿ ತೆಪ್ಪ ನಡೆಸಿ ತಂದವನ ರಟ್ಟೆಯನ್ನೇ ಹಿಡಿದ.

"ಇವನೇ ಮೇಡಂ, ಏಜಾಜ್! ನಿನ್ನೆ ಸಂಜೆ ಮುದುಕಿ ಜೊತೆ ಜಗಳ ಆಡಿದ್ನಂತೆ. ದಿಬ್ಬಕ್ಕೆಲ್ಲ ಕೇಳ್ಸಿದೆ."

ಏಜಾಜನ ತಾಯಿ ಅಮೀನಾ ಬೀ ಎದೆ ಬಡಿದುಕೊಂಡಳು. "ನನ್ ಮಗ ಅಂಥೋನಲ್ಲಮ್ಮಾ! ಗಂಗಕ್ಕನ ಕೈತುತ್ತು ತಿಂದು ಬೆಳೆದೋನು!"

"ಜಗಳ ಯಾಕೆ?" ರಂಜಿತ ಕೇಳಿದಳು.

"ಸುಣ್ಣದ ಪುಡಿ ತರೋದು ಮರ್ತಿದ್ದೆ ಮೇಡಂ. ಗಂಗಕ್ಕ ಬೈದ್ರು, ನಾನೂ ಎದುರು ಮಾತಾಡ್ದೆ. ಮತ್ತೆ ದಡಕ್ಕೆ ಹೋಗಿ ತಂದ್ಕೊಟ್ಟೆ. ಅಲ್ಲಾನ ಆಣೆಗೂ ಅಷ್ಟೇ!"

"ಸುಣ್ಣಕ್ಕೆ ಜಗಳಾನಾ? ಯಾರ ಕಿವಿ ಮೇಲೆ ಹೂ ಇಡ್ತೀಯಾ?" ಮುನಿಶಾಮಿ ಗದರಿದ.

ಸತ್ತವಳ ಮೈದುನನ ಮಗ ಚಂದ್ರಮೋಹನ್ ಜಗಲಿಯಲ್ಲಿ ತಲೆ ಹಿಡಿದು ಕೂತಿದ್ದ. ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಕೆಲಸ; ಹುಟ್ಟಿ ಬೆಳೆದದ್ದೂ ಅಲ್ಲೇ. ನಿನ್ನೆ ಬಂದು ರಾತ್ರಿ ಇಲ್ಲೇ ಉಳಿದವನು.

"ಬೆಳಿಗ್ಗೆ ಏನಾಯ್ತು?"

"ಆರು ಗಂಟೆ ಮೇಡಂ. 'ಹುಳಕ್ಕೆ ಸೊಪ್ಪು ಕೊಯ್ಕೊಂಡು ಬರ್ತೀನಿ ಕಣೋ' ಅಂತ ದೊಡ್ಡಮ್ಮ ಕುಕ್ಕೆ ಎತ್ಕೊಂಡು ಹೋದ್ಲು. ಇವನು ತೆಪ್ಪದ ಹತ್ರಾನೇ ನಿಂತಿದ್ದ."

"ಅವರೇ ಹಾಗಂದ್ರಾ?"

"ಕಿವಿಯಾರೆ ಕೇಳಿದೀನಿ!"

ರಂಜಿತ ಹುಳದ ಮನೆಯೊಳಗೆ ಹೋದಳು. ತಟ್ಟೆ ತಟ್ಟೆಯಲ್ಲೂ ಹುಳ. ಮೇಯುವ ಸದ್ದೇ ಇಲ್ಲ. ಎಲ್ಲವೂ ತಲೆ ಎತ್ತಿ ಅಲುಗದೆ ಕೂತಿದ್ದವು. ಮೇಲೆ ಬೆಳ್ಳಗೆ ಸುಣ್ಣ. ಕ್ಯಾಲನೂರಿನಲ್ಲಿ ಅವಳ ಅಜ್ಜಿಯೂ ಹೀಗೇ ಉದುರಿಸುತ್ತಿದ್ದಳು.

ರಂಜಿತ ಹೊರಗೆ ಬಂದು ಕೇಳಿದಳು—"ಚಂದ್ರಮೋಹನ್, ನೀನು ಯಾವತ್ತಾದ್ರೂ ಹುಳ ಸಾಕಿದ್ದೀಯಾ?"

"ಇಲ್ಲಪ್ಪ! ಆ ವಾಸನೇನೇ ನಂಗಾಗಲ್ಲ."

"ಅದಕ್ಕೇ ಸಿಕ್ಕಿಬಿದ್ದೆ. ಮುನಿಶಾಮಿ, ಏಜಾಜ್‌ನ ಬಿಡಿ. ಇವನನ್ನ ಹಿಡ್ಕೊಳ್ಳಿ."

"ಮೇಡಂ?"

"ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಬಿಡೋವಾಗ ಅವು ಮೇವು ಮುಟ್ಟಲ್ಲ. ಅದನ್ನೇ ನಮ್ಮ ಕಡೆ ಜ್ವರ ಅನ್ನೋದು. ತಟ್ಟೆ ಒಣಗಿರಲಿ ಅಂತ ಸುಣ್ಣ ಉದುರಿಸ್ತಾರೆ. ಜಗಳ ಆಗಿದ್ದೂ ಅದಕ್ಕೇ. ಸುಣ್ಣ ಹಾಕಿದ ಕೈ ಬೆಳಿಗ್ಗೆ ಸೊಪ್ಪು ಕೊಯ್ಯುತ್ತಾ? ಹುಳ ಏಳೋ ಹೊತ್ತಿಗೆ ಅದು ಬಾಡಿರುತ್ತೆ. ಈ ದಿಬ್ಬದಲ್ಲಿ ಹುಟ್ಟಿದ ಮಕ್ಕಳಿಗೂ ಇದು ಗೊತ್ತು. ಏಜಾಜ್ ಕೊಂದಿದ್ರೆ ಆ ಕುಕ್ಕೆ ಇಡ್ತಿರಲಿಲ್ಲ. ಗಂಗರತ್ನಮ್ಮ ಆ ಮಾತು ಆಡೇ ಇಲ್ಲ. ಸೊಪ್ಪು ಕೊಯ್ದು ತಂದಿಟ್ಟಿದ್ದು ನೀನು, ಚಂದ್ರಮೋಹನ್—ಹೌದೋ ಅಲ್ವೋ?"

ಚಂದ್ರಮೋಹನನ ಮುಖ ಬಿಳಿಚಿಕೊಂಡಿತು.

"ಜಾಗ ಮಾರೋಣ, ಹೆಬ್ಬೆಟ್ಟು ಒತ್ತು ಅಂದೆ... ದಿಬ್ಬ ಬಿಟ್ಟು ಬರಲ್ಲ ಅಂದ್ಲು. ತಳ್ಳಿದೆ. ಅಷ್ಟೇ ಮೇಡಂ, ತಳ್ಳಿದೆ ಅಷ್ಟೇ..."

ಅಷ್ಟೇ ಅಂತೆ! ಅಮೀನಾ ಬೀ ಅವನತ್ತ ಉಗಿದಳು. ಮುನಿಶಾಮಿ ಏಜಾಜನ ಕಡೆ ನೋಡಲಾರದೆ ಟೋಪಿ ಸರಿಮಾಡಿಕೊಂಡ.

ಏಜಾಜ್ ರಟ್ಟೆ ಉಜ್ಜಿಕೊಳ್ಳುತ್ತ ಬಂಡೆಯ ಕಡೆ ನೋಡಿದ. ತಡೆದಿಟ್ಟುಕೊಂಡಿದ್ದ ಅಳು ಆಗ ಒತ್ತರಿಸಿ ಬಂತು.

"ಸಂಜೆಗೆ ಹುಳ ಏಳ್ತವೆ ಮೇಡಂ," ಎಂದ ಕಣ್ಣೊರೆಸಿಕೊಂಡು. "ಎದ್ದ ತಕ್ಷಣ ಮೇವು ಬೇಕು. ಬಾಡಿದ್ರೂ ಪರ್ವಾಗಿಲ್ಲ, ಆ ಕುಕ್ಕೆ ತಗೊಳ್ಲಾ?"

"ಅದು ಸಾಕ್ಷಿ, ಏಜಾಜ್. ಮುಟ್ಟೋ ಹಾಗಿಲ್ಲ."

ಅವನು ತಲೆಯಾಡಿಸಿದ. ತಾಯಿಯ ಕುಡುಗೋಲು ತೆಗೆದುಕೊಂಡು ಗಂಗಕ್ಕನ ತೋಟಕ್ಕೆ ನಡೆದ.