ಇರುವೆಯಷ್ಟು ಸಹಿ

“ಕೊಟ್ಟ ಕೈಗವಸು ಹಾಕ್ಕೊಳ್ಳೋಕೆ ನಿಮಗೇನು ದಾಡಿಯಾಗಿತ್ತು?” ಅತ್ತೆ ಕಂಪನಿಯ ಕಾಗದವನ್ನು ಮಾವನ ಮಡಿಲಿಗೆ ಎಸೆದರು. ಮಾವನ ಕೈಯಲ್ಲಿದ್ದ ಲೋಟ ನಡುಗಿ ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. “ನಾನು... ಕೈಗವಸು ಕಂಡೇ ಇಲ್ಲ ಕಣೇ!”

ಸೊಸೆ ಬಟ್ಟೆ ತಂದು ಮಾವನ ಅಂಗಿ ಒರೆಸಿದಳು. ಆ ಕಂಪನಿಯ ಪ್ಲಾಸ್ಟಿಕ್ ಹೊದಿಕೆಯ ಗುಲಾಬಿ ತೋಟದಲ್ಲಿ ಮೂವತ್ತು ವರ್ಷ ಔಷಧಿ ಹೊಡೆದ ಜೀವ ಅದು! ಡ್ರಮ್ಮಿಗೆ ಮೊಣಕೈವರೆಗೆ ಕೈಯಿಟ್ಟು ಕಲಸಿದ್ದರು, ಕಟ್ಟಿಕೊಂಡ ನಳಿಕೆಗೆ ಬಾಯಿಟ್ಟು ಊದಿದ್ದರು. ಆ ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ! ಇದು ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ, ವರ್ಷಗಟ್ಟಲೆ ಕೀಟನಾಶಕ ಮೈಗೆ ತಗುಲಿದವರಿಗೆ ಇದರ ಅಪಾಯ ಹೆಚ್ಚು ಎಂದು ಡಾಕ್ಟರು ಬರೆದೂ ಕೊಟ್ಟಿದ್ದರು. ಚಿಕಿತ್ಸೆಗೆ ನೆರವು ಕೇಳಿದ್ದಕ್ಕೆ ಕಂಪನಿಯ ಉತ್ತರ ಮಾತ್ರ ಬೆಣ್ಣೆಯಷ್ಟು ನುಣುಪು: ಪ್ರತಿ ತಿಂಗಳೂ ಕೈಗವಸು, ಮುಖಗವಸು ಕೊಟ್ಟಿದ್ದೇವೆ, ಪಡೆದದ್ದಕ್ಕೆ ಸಹಿ ಇದೆ.

ಅವಳು ಕಾಗದದ ಜೊತೆಗಿದ್ದ ಸಹಿ ಪುಸ್ತಕದ ಪ್ರತಿಯನ್ನು ನೋಡಿದಳು. ಹೋದ ವರ್ಷ ಮಾವ ಕೆಲಸ ಬಿಟ್ಟ ತಿಂಗಳವರೆಗೂ ಅದೇ ದುಂಡನೆಯ ದೊಡ್ಡ ಸಹಿ... ಏನೋ ಹೊಳೆದು ಮಗಳ ಅಂಕಪಟ್ಟಿಗಳನ್ನು ತಂದಳು. ಅವಕ್ಕೆ ಸಹಿ ಹಾಕುವುದು ಮೊದಲಿನಿಂದಲೂ ಅಜ್ಜನ ಹಕ್ಕು. ಅಲ್ಲಿ ಮಾವನ ಸಹಿ ಮೂರು ವರ್ಷಗಳಿಂದ ಕುಗ್ಗುತ್ತ ಕುಗ್ಗುತ್ತ ಇರುವೆಯಷ್ಟಾಗಿತ್ತು. ಅಕ್ಷರ ಸಣ್ಣದಾಗುವುದೂ ಈ ರೋಗದ ಲಕ್ಷಣವೆಂದು ಡಾಕ್ಟರು ಹೇಳಿದ್ದರಲ್ಲ!

ಕೈಗವಸು ಕೊಡಬೇಕಾದ ಸ್ಟೋರ್ ಕೀಪರ್ ಬೇರೆ ಯಾರೂ ಅಲ್ಲ, ಬಾಗಿಲ ಬಳಿ ನಿಂತಿದ್ದ ಅವಳ ಗಂಡ.

“ಈ ಸಹಿ ಹಾಕಿದ್ದು ಯಾರು?”

ಅವನು ತಲೆ ತಗ್ಗಿಸಿದ. “ಕೈಗವಸು ಬರ್ತಾನೇ ಇರ್ಲಿಲ್ಲ... ಪುಸ್ತಕ ತುಂಬಿರ್ಬೇಕು ಅಷ್ಟೇ ಅಂದ್ರು ಮ್ಯಾನೇಜರು. ಅಪ್ಪನ ಸಹಿ ತಾನೇ ಅಂತ...”

“ಅಪ್ಪನ ಸಹಿ ತಾನೇ! ಹೆತ್ತಪ್ಪನ ಬಾಯಿಗೆ ವಿಷ ಹೋಗ್ತಿತ್ತು, ನೀವು ಕೂತ್ಕೊಂಡು ಪುಸ್ತಕ ತುಂಬಿಸ್ತಿದ್ರಾ?”

ಅತ್ತೆ ಮಾವನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟರು.

“ಬಿಡಮ್ಮ,” ಮಾವ ತೊದಲಿದರು. “ನನ್ನ ಕಥೆ... ಮುಗೀತು. ಅವನ ಕೆಲಸ ಹೋಗತ್ತೆ.”

“ಹೇಗೆ ಬಿಡ್ಲಿ ಮಾವ? ನಿಮ್ಮ ಜಾಗದಲ್ಲಿ ಈಗ ನಾಲ್ಕು ಜನ ಹೆಂಗಸರು ಔಷಧಿ ಹೊಡೀತಿದ್ದಾರೆ!” ಅವಳು ಗಂಡನ ಕಡೆ ತಿರುಗಿದಳು. “ರೀ, ಈ ತಿಂಗಳು ಅವರ ಸಹಿ ಹಾಕಿದ್ದು ಯಾರು?”

ಅವನು ಒಂದು ಹಾಳೆ ತೆಗೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಬರೆದು ತನ್ನ ಹೆಸರು ಹಾಕಿದ. ಬರೆಯುವಷ್ಟು ಹೊತ್ತೂ ಅತ್ತ.

ಮಾವ ಆ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. “ಸಾಕ್ಷಿ... ನಾನು ಹಾಕ್ತೀನಿ.” ಪೆನ್ನು ಎರಡು ಸಲ ಜಾರಿತು. ಅತ್ತೆ ಕೈ ಹಿಡಿಯಲು ಹೋದಾಗ ಸೊಸೆ ತಡೆದಳು.

ಆ ಸಹಿಯನ್ನು ಓದಲು ಮಗ ಹಾಳೆಯವರೆಗೂ ತಲೆ ಬಗ್ಗಿಸಬೇಕಾಯಿತು.